ಫೈರ್‌ವಾಲ್ ಬಂದ್ ಮಾಡಬೇಡಿ, ಪಟ್ಟಿ ಬರೆಯಿರಿ

(ವಿಜಯಪುರದಲ್ಲಿ ಪದವಿ ಕಾಲೇಜುಗಳ ಗ್ರಂಥಪಾಲಕರು ಮತ್ತು ಅಧ್ಯಾಪಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಿದ್ದೇನೆ.)

ಗ್ರಂಥಪಾಲಕ ಮಿತ್ರರಿಗೂ ಅಧ್ಯಾಪಕರಿಗೂ ನಮಸ್ಕಾರ.

ನನ್ನನ್ನು ಇಲ್ಲಿಗೆ ಕರೆದವರು ವಿಷಯವನ್ನು ಫೋನಿನಲ್ಲಿ ಹೀಗೆ ಹೇಳಿದರು: "ಸರ್, ಕಾಲೇಜಿಗೆ ಚಂದಾ ಇದೆ, ಇಂಟರ್ನೆಟ್ ಇದೆ, ಆದರೂ ಸಂಶೋಧನಾ ಪತ್ರಿಕೆಗಳು ತೆರೆಯುವುದಿಲ್ಲ. ಫೈರ್‌ವಾಲ್ ಬಂದ್ ಮಾಡಿದರೆ ತೆರೆಯುತ್ತವೆ. ಬಂದ್ ಮಾಡಿಯೇ ಇಟ್ಟರೆ ಏನಾಗುತ್ತದೆ?" ಫೈರ್‌ವಾಲ್ ಎಂದರೆ ಕಾಲೇಜಿನ ಜಾಲಕ್ಕೂ ಹೊರಗಿನ ಇಂಟರ್ನೆಟ್‌ಗೂ ನಡುವೆ ನಿಂತು, ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡುವ ಕಾವಲು. ಬೇಡ ಎಂದು ಅಲ್ಲಿಯೇ ಉತ್ತರಿಸಿದೆ. ಆದರೆ ಬೇಡ ಎಂದಷ್ಟೇ ಹೇಳಿ ಫೋನ್ ಇಟ್ಟರೆ ಅವರ ತೊಂದರೆ ಹಾಗೆಯೇ ಉಳಿಯುತ್ತದೆ. ಅವರ ಸಿಟ್ಟಿಗೆ ಕಾರಣವಿದೆ.

2024ರ ನವೆಂಬರ್ 25ರಂದು ಕೇಂದ್ರ ಸಂಪುಟ "ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್" ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಸಿಗಬೇಕು. ಇದರ ಹೊಣೆ ಕಾಲೇಜು, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜಾಲದಲ್ಲಿ ಬೆಸೆಯುವ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು. ಅದೇ ಕೇಂದ್ರದ ಎನ್-ಲಿಸ್ಟ್ ಹಲವು ವರ್ಷಗಳಿಂದ ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆಗಳನ್ನು ಕೊಡುತ್ತಿದೆ. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಇದೆ, ಖರಗಪುರ ಐಐಟಿ ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇದೆ. ಕನ್ನಡದ ವಿದ್ಯಾರ್ಥಿಗಳಿಗೆ ವಚನ ಸಂಚಯವಿದೆ, ಕನ್ನಡ ವಿಕಿಸೋರ್ಸ್ ಇದೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆಗಿ ಕುಳಿತಿರುವ ಸಾವಿರಾರು ಹಳೆಯ ಪುಸ್ತಕಗಳಿವೆ. ಇಷ್ಟೆಲ್ಲ ದಾರಿ ಸವೆಸಿ ಬಂದ ಪುಸ್ತಕ ಸಿಂದಗಿಯಲ್ಲೋ ಇಂಡಿಯಲ್ಲೋ ಕಾಲೇಜಿನ ಗೋಡೆಯವರೆಗೆ ಬಂದು ಅಲ್ಲಿ ನಿಂತುಬಿಟ್ಟರೆ ಯಾರಿಗಾದರೂ ಸಿಟ್ಟು ಬರುತ್ತದೆ.

ವಿಜಯಪುರದಲ್ಲಿ ಫೈರ್‌ವಾಲ್ ಎಂದೊಡನೆ ಎಲ್ಲರ ಕಣ್ಣ ಮುಂದೆ ಬರುವುದು ಊರ ಸುತ್ತಲಿನ ಆದಿಲ್ ಶಾಹಿ ಕೋಟೆ. ಈ ಹೋಲಿಕೆ ಒಂದು ದೂರದವರೆಗೆ ಸರಿ. ಮೆಕ್ಕಾ ದರವಾಜೆಯ ಕಾವಲುಗಾರನ ಕಣ್ಣು ಇದ್ದದ್ದು ಒಳಗೆ ಬರುವ ಅಪರಿಚಿತನ ಮೇಲೆ. ಬೆಳಿಗ್ಗೆ ಹೊರಗೆ ಹೋದ ಊರಿನವನು ಸಂಜೆ ಸರಕು ಹೊತ್ತು ಮರಳಿದರೆ ಅವನನ್ನು ಗುರುತಿಸಿ ಬಿಡುತ್ತಿದ್ದ. ಇಂದಿನ ಫೈರ್‌ವಾಲ್ ಕೂಡ ಒಳಗಿನಿಂದ ಹೊರಟ ಪ್ರತಿಯೊಂದು ಕೋರಿಕೆಯನ್ನು ನೆನಪಿಟ್ಟುಕೊಂಡು, ಅದಕ್ಕೆ ಬಂದ ಉತ್ತರವನ್ನು ತಾನಾಗಿಯೇ ಒಳಗೆ ಬಿಡುತ್ತದೆ. ಕಾಲೇಜಿನ ಕಂಪ್ಯೂಟರಿನಲ್ಲಿ ಕುಳಿತು ಲೇಖನ ಓದುವುದು ಈ ಬಗೆಯ ಕೆಲಸ. ಕೋರಿಕೆ ಒಳಗಿನಿಂದ ಹೊರಡುತ್ತದೆ, ಬಹುಪಾಲು ವೆಬ್ ತಾಣಗಳಿಗೆ ಮೀಸಲಾದ ಸಂಖ್ಯೆಯ ಬಾಗಿಲಿನಲ್ಲಿ, ಅಂದರೆ 443ನೆಯ ಪೋರ್ಟ್‌ನಲ್ಲಿ. ಹಾಗಾಗಿ ಆನ್‌ಲೈನ್ ಗ್ರಂಥಾಲಯವನ್ನು ಓದುವುದಕ್ಕೆ ಹೊರಗಿನಿಂದ ಒಳಕ್ಕೆ ಒಂದೇ ಒಂದು ಪೋರ್ಟ್ ತೆರೆಯಬೇಕಾಗಿಲ್ಲ. ಯಾರಾದರೂ "ಗ್ರಂಥಾಲಯಕ್ಕಾಗಿ ಒಳಬರುವ ಪೋರ್ಟ್ ತೆರೆಯಬೇಕು" ಎಂದರೆ, ಯಾವುದು, ಯಾಕೆ ಎಂದು ಬರೆದುಕೊಡಲು ಕೇಳಿ. ಇವತ್ತಿನ ಮಾತಿನಲ್ಲಿ ಇಷ್ಟೇ ನೆನಪಿದ್ದರೂ ಸಾಕು.

ಒಳಬರುವ ದಾರಿಯನ್ನು ಸಡಿಲ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಈ ಊರಿಗೇ ಸಂಬಂಧಪಟ್ಟ ಉದಾಹರಣೆಯೊಂದಿದೆ. ಅಸರ್ ಮಹಲಿನಲ್ಲಿ ಆದಿಲ್ ಶಾಹಿ ಅರಸರ ಗ್ರಂಥಭಂಡಾರದಲ್ಲಿ ಅಳಿದುಳಿದ ಅರಬ್ಬಿ, ಪಾರಸಿ ಹಸ್ತಪ್ರತಿಗಳಿದ್ದವು. 1853ರಲ್ಲಿ ಅವನ್ನು ಲಂಡನ್ನಿಗೆ ಸಾಗಿಸಿದರು. ಅವು ಸೇರಿದ ಇಂಡಿಯಾ ಆಫೀಸ್ ಗ್ರಂಥಾಲಯ 1982ರಲ್ಲಿ ಬ್ರಿಟಿಷ್ ಲೈಬ್ರರಿಗೆ ಸೇರಿತು. ಅಂದರೆ ನಮ್ಮ ಊರಿನ ಪುಸ್ತಕಗಳನ್ನು ಹುಡುಕಬೇಕಾದರೆ ನಾವು ಲಂಡನ್ನಿನ ಕ್ಯಾಟಲಾಗ್ ತೆರೆಯಬೇಕು. 2023ರ ಅಕ್ಟೋಬರಿನಲ್ಲಿ ರೈಸಿಡಾ ಎಂಬ ಗುಂಪು ಆ ಗ್ರಂಥಾಲಯದ ಕಂಪ್ಯೂಟರ್ ವ್ಯವಸ್ಥೆಗೆ ನುಗ್ಗಿತು. ಸುಮಾರು 600 ಜಿಬಿ ಮಾಹಿತಿ ಕದ್ದು, ಹಣ ಸಿಗದಿದ್ದಾಗ ಹೊರಗೆ ಚೆಲ್ಲಿತು. ಮುಖ್ಯ ಕ್ಯಾಟಲಾಗ್ ಹುಡುಕುವ ಮಟ್ಟಿಗೆ ಮರಳಿದ್ದು 2024ರ ಜನವರಿಯಲ್ಲಿ. ಡಿಜಿಟಲ್ ಹಸ್ತಪ್ರತಿಗಳಿಗೆ ಇನ್ನೂ ಬಹಳ ಕಾಲ ಹಿಡಿಯಿತು. ಆದದ್ದನ್ನು ಮುಚ್ಚಿಡದೆ ಗ್ರಂಥಾಲಯವೇ ಆ ವರ್ಷದ ಮಾರ್ಚ್‌ನಲ್ಲಿ ವರದಿ ಪ್ರಕಟಿಸಿತು. ಇದಕ್ಕಾಗಿ ಅವರನ್ನು ಮೆಚ್ಚಬೇಕು, ನಮ್ಮಲ್ಲಿ ಯಾರೂ ಹೀಗೆ ಬರೆಯುವುದಿಲ್ಲ. ಹೊರಗಿನ ಗುತ್ತಿಗೆದಾರರು ದೂರದಿಂದಲೇ ಒಳಬಂದು ಕೆಲಸ ಮಾಡಲೆಂದು 2020ರಲ್ಲಿ ಇಟ್ಟಿದ್ದ ಒಂದು ಟರ್ಮಿನಲ್ ಸರ್ವರ್ ಇತ್ತು, ದಾಳಿಕೋರರು ಬಂದದ್ದು ಬಹುಶಃ ಆ ದಾರಿಯಿಂದ ಎನ್ನುತ್ತದೆ ವರದಿ. ಆ ಸರ್ವರಿಗೆ ಪಾಸ್‌ವರ್ಡ್‌ನ ಮೇಲೆ ಎರಡನೆಯ ಹಂತದ ದೃಢೀಕರಣ ಇರಲಿಲ್ಲ.

ನಮ್ಮ ಜಿಲ್ಲೆಯ ಕಾಲೇಜು ಕಚೇರಿಗಳಿಗೆ ಹೋದರೆ ಇದೇ ಕಥೆಯ ಚಿಕ್ಕ ರೂಪ ಕಾಣುತ್ತದೆ. ಲೆಕ್ಕಪತ್ರದ ತಂತ್ರಾಂಶ ದುರಸ್ತಿ ಮಾಡುವವರು ತಮ್ಮ ಊರಿನಿಂದಲೇ ನೋಡಲಿ ಎಂದು 3389ನೆಯ ಪೋರ್ಟ್ ತೆರೆದು, ವರ್ಷಗಟ್ಟಲೆ ಹಾಗೆಯೇ ಬಿಟ್ಟಿರುತ್ತಾರೆ. ಅದೇ ಕಾಲೇಜಿನಲ್ಲಿ ಹೊರಗೆ ಹೋಗಿ ಒಂದು ಲೇಖನ ಓದುವ ವಿದ್ಯಾರ್ಥಿನಿಗೆ ಮಾತ್ರ ಹತ್ತು ತಡೆಗಳು. ಕಾವಲು ತಲೆಕೆಳಗಾಗಿದೆ.

ಸರಿ, ಪತ್ರಿಕೆ ತೆರೆಯುತ್ತಿಲ್ಲ. ಈಗ ಏನು ಮಾಡಬೇಕು? ಮೊದಲು "ತೆರೆಯುತ್ತಿಲ್ಲ" ಎಂಬ ದೂರನ್ನೇ ಬಿಡಿಸಿ ಕೇಳಬೇಕು. ಪರದೆಯ ಮೇಲೆ ಏನು ಕಾಣಿಸಿತು? ಫೈರ್‌ವಾಲ್ ಕಂಪನಿಯ ಗುರುತಿರುವ ಪುಟ ಬಂದು "ಈ ತಾಣಕ್ಕೆ ಅನುಮತಿಯಿಲ್ಲ" ಎಂದಿದ್ದರೆ ತಡೆದದ್ದು ನಿಮ್ಮ ಫೈರ್‌ವಾಲೇ, ಅದರ ಕಾರಣವೂ ಅದೇ ಪುಟದಲ್ಲಿ ಬರೆದಿರುತ್ತದೆ. ಪುಟ ಬಹಳ ಹೊತ್ತು ಸುತ್ತುತ್ತಲೇ ಇದ್ದು ಕೊನೆಗೆ ಕೈಬಿಟ್ಟರೆ, ಎಲ್ಲೋ ಕೋರಿಕೆಯನ್ನು ಸದ್ದಿಲ್ಲದೆ ಬೀಳಿಸುತ್ತಿದ್ದಾರೆ ಎಂದು ಅನುಮಾನಿಸಬೇಕು. ಪ್ರಕಾಶಕರ ತಾಣ ಸಲೀಸಾಗಿ ತೆರೆದು, ಲೇಖನದ ಸಾರಾಂಶವೂ ಕಂಡು, ಪೂರ್ಣಪಾಠದ ಜಾಗದಲ್ಲಿ "ಖರೀದಿಸಿ" ಎಂಬ ಗುಂಡಿ ಮಾತ್ರ ಇದ್ದರೆ ಫೈರ್‌ವಾಲನ್ನು ಬೈಯಬೇಡಿ. ಅದು ದಾರಿ ಬಿಟ್ಟಿದೆ, ಪ್ರಕಾಶಕರಿಗೆ ನಿಮ್ಮ ಗುರುತು ಸಿಕ್ಕಿಲ್ಲ, ಅಷ್ಟೇ. ತಾಣ ಅಸಲಿ ಎಂದು ಸಾರುವ ಡಿಜಿಟಲ್ ಪ್ರಮಾಣಪತ್ರ ಸರಿಯಿಲ್ಲ ಎಂಬ ಎಚ್ಚರಿಕೆ ಬಂದರೆ ಅದರ ಕಥೆಯೇ ಬೇರೆ, ಮುಂದೆ ಹೇಳುತ್ತೇನೆ.

ಕೆಲವು ಸಲ ತಡೆ ನಿಮ್ಮ ಕಾಂಪೌಂಡಿನಿಂದ ಹೊರಗೇ ಇರುತ್ತದೆ. 2017ರ ಆಗಸ್ಟ್‌ನಲ್ಲಿ ಇಂಟರ್ನೆಟ್ ಆರ್ಕೈವ್ ಭಾರತದಲ್ಲಿ ಇದ್ದಕ್ಕಿದ್ದಂತೆ ಮುಚ್ಚಿಕೊಂಡಿತು. ಹಿಂದಿ ಸಿನಿಮಾಗಳ ಕಳ್ಳಪ್ರತಿ ತಡೆಯಲು ಮದ್ರಾಸ್ ಹೈಕೋರ್ಟ್ ಹೊರಡಿಸಿದ ಆದೇಶದ ಉದ್ದನೆಯ ಪಟ್ಟಿಯಲ್ಲಿ ಅದರ ಹೆಸರೂ ಸೇರಿತ್ತು, ಇಂಟರ್ನೆಟ್ ಕಂಪನಿಗಳು ತಡೆದವು. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಿಂದಾಗಿ ಆರ್ಕೈವ್ ಕೆಲವು ದಿನ ಮೂಲದಲ್ಲಿಯೇ ನಿಂತಿತ್ತು. ಇಂತಹ ದಿನಗಳಲ್ಲಿ ಕಾಲೇಜಿನ ಫೈರ್‌ವಾಲನ್ನು ಎಷ್ಟು ತಿರುವಿದರೂ ಫಲವಿಲ್ಲ. ಉಚಿತ ತಾಣವಾದರೆ ಮೊಬೈಲ್ ಡೇಟಾದಲ್ಲಿ ಒಮ್ಮೆ ತೆರೆದು ನೋಡಿ. ಅಲ್ಲಿ ತೆರೆದು ಕಾಲೇಜಿನಲ್ಲಿ ತೆರೆಯದಿದ್ದರೆ ದೋಷ ಕಾಲೇಜಿನ ಜಾಲದಲ್ಲಿ ಅಥವಾ ಕಾಲೇಜಿನ ಇಂಟರ್ನೆಟ್ ಕಂಪನಿಯಲ್ಲಿ. ಚಂದಾ ಇರುವ ಪತ್ರಿಕೆಗೆ ಈ ಪರೀಕ್ಷೆ ನಡೆಯುವುದಿಲ್ಲ. ಮೊಬೈಲಿನಿಂದ ಬಂದವರನ್ನು ಪ್ರಕಾಶಕರು ಮೊದಲೇ ಗುರುತಿಸುವುದಿಲ್ಲ.

ಈ ಗುರುತಿನ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಫೈರ್‌ವಾಲ್ ತೊಂದರೆ ಎಂದು ನನ್ನ ಬಳಿ ಬರುವ ದೂರುಗಳಲ್ಲಿ ಇದು ಆಗಾಗ ಬರುತ್ತದೆ. ಬಹಳಷ್ಟು ಪ್ರಕಾಶಕರು ಸಂಸ್ಥೆಯನ್ನು ಗುರುತಿಸುವುದು ಐಪಿ ವಿಳಾಸದಿಂದ, ಅಂದರೆ ಜಾಲದಲ್ಲಿ ಅದಕ್ಕಿರುವ ಸಂಖ್ಯೆಯ ವಿಳಾಸದಿಂದ. ನಿಮ್ಮ ಗ್ರಂಥಾಲಯದ ಕಂಪ್ಯೂಟರಿನಲ್ಲಿ 192.168 ಅಥವಾ 10 ಎಂದು ಆರಂಭವಾಗುವ ವಿಳಾಸ ಇರುತ್ತದೆ. ಅದು ಒಳಗಿನ ಬಳಕೆಗೆ ಮಾತ್ರ, ಲೋಕದಲ್ಲಿ ಲಕ್ಷಾಂತರ ಕಡೆ ಅದೇ ವಿಳಾಸವಿದೆ. ಹೊರಗಿನವರಿಗೆ ಕಾಣುವುದು ಫೈರ್‌ವಾಲಿನ ಹೊರಮುಖದಲ್ಲಿರುವ ಸಾರ್ವಜನಿಕ ವಿಳಾಸ. ಪ್ರಕಾಶಕರ ಪಟ್ಟಿಯಲ್ಲಿ ಇರಬೇಕಾದದ್ದು ಅದು. ಸ್ಥಿರ ಐಪಿ ಕೊಂಡಿಲ್ಲದ ಬ್ರಾಡ್‌ಬ್ಯಾಂಡ್ ಆದರೆ, ಕರೆಂಟ್ ಹೋಗಿ ಬಂದು ರೂಟರ್ ಮರುಚಾಲೂ ಆದಾಗಲೆಲ್ಲ ವಿಳಾಸ ಬದಲಾಗಬಹುದು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕೆಲವು ಕಂಪನಿಗಳಂತೂ ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನೂರಾರು ಗ್ರಾಹಕರನ್ನು ಕೂರಿಸುತ್ತವೆ. ಅಂತಹ ವಿಳಾಸವನ್ನು ಪ್ರಕಾಶಕರಿಗೆ ಕೊಟ್ಟರೆ ಪಕ್ಕದ ಅಂಗಡಿಯವರಿಗೂ ನಿಮ್ಮ ಚಂದಾ ಸಿಗುತ್ತದೆ, ಹಾಗಾಗಿ ಅವರು ಒಪ್ಪುವುದಿಲ್ಲ.

ಇದಕ್ಕಿಂತ ತಲೆ ತಿನ್ನುವುದು ಎರಡು ಲೈನ್ ಇರುವ ಕಾಲೇಜು. ಒಂದು ಲೈನ್ ಹೋದರೆ ಇನ್ನೊಂದು ಇರಲಿ ಎಂದು ಇಬ್ಬರು ಕಂಪನಿಗಳಿಂದ ತೆಗೆದುಕೊಂಡಿರುತ್ತಾರೆ, ಒಳ್ಳೆಯದು. ಆದರೆ ಫೈರ್‌ವಾಲ್ ಹೊರೆಯನ್ನು ಎರಡಕ್ಕೂ ಹಂಚುತ್ತದೆ. ಒಂದು ಕೋರಿಕೆ ಈ ವಿಳಾಸದಿಂದ ಹೋದರೆ ಮುಂದಿನದು ಆ ವಿಳಾಸದಿಂದ. ಬೆಳಿಗ್ಗೆ ತೆರೆದ ಲೇಖನ ಮಧ್ಯಾಹ್ನ ತೆರೆಯುವುದಿಲ್ಲ, ಒಂದು ಕಂಪ್ಯೂಟರಿನಲ್ಲಿ ತೆರೆದದ್ದು ಪಕ್ಕದಲ್ಲಿ ತೆರೆಯುವುದಿಲ್ಲ. ನೋಡಿದವರಿಗೆ ಭೂತಚೇಷ್ಟೆ. ಪರಿಹಾರ ಸರಳ. ಎರಡೂ ಸ್ಥಿರ ವಿಳಾಸಗಳನ್ನು ಪ್ರಕಾಶಕರಲ್ಲಿ ನೋಂದಾಯಿಸಿ, ಅದಾಗದಿದ್ದರೆ ಪ್ರಕಾಶಕರ ತಾಣಗಳಿಗೆ ಹೋಗುವ ಸಂಚಾರವೆಲ್ಲ ನೋಂದಾಯಿತ ಲೈನಿನಿಂದಲೇ ಹೋಗಲಿ ಎಂಬ ನಿಯಮವನ್ನು ಫೈರ್‌ವಾಲಿನಲ್ಲಿ ಬರೆಯಿಸಿ. ಇಂಟರ್ನೆಟ್ ಕಂಪನಿ ಬದಲಾಯಿಸುವಾಗ ಪ್ರಾಚಾರ್ಯರಿಗೆ, ಲೆಕ್ಕಿಗರಿಗೆ ಹೇಳುತ್ತಾರೆ, ಗ್ರಂಥಪಾಲಕರಿಗೆ ಹೇಳುವುದಿಲ್ಲ. ಆ ಅಭ್ಯಾಸ ಮೊದಲು ಬದಲಾಗಬೇಕು. ಎನ್-ಲಿಸ್ಟ್‌ಗೆ ಮಾತ್ರ ಈ ತಾಪತ್ರಯವಿಲ್ಲ. ಅದು ಪ್ರತಿಯೊಬ್ಬರಿಗೂ ಹೆಸರು, ಪಾಸ್‌ವರ್ಡ್ ಕೊಡುತ್ತದೆ. ಚಿಕ್ಕ ಕಾಲೇಜುಗಳಿಗೆ ಅದೇ ಸೂಕ್ತ.

ಗುರುತು ಸರಿಯಿದ್ದೂ ನಿಜವಾಗಿ ಫೈರ್‌ವಾಲೇ ತಡೆಯುವುದು ಯಾವಾಗ? ಸಾಮಾನ್ಯವಾಗಿ ಕಾಲೇಜುಗಳಲ್ಲಿ ತಾಣಗಳನ್ನು ಗುಂಪು ಮಾಡಿ ತಡೆಯುತ್ತಾರೆ: ಜೂಜು, ಅಶ್ಲೀಲ, ಸಿನಿಮಾ, ಫೈಲ್ ಹಂಚಿಕೆ, ಪ್ರಾಕ್ಸಿ (ಓದುಗರ ಪರವಾಗಿ ತಾನೇ ತಾಣಕ್ಕೆ ಹೋಗಿ ತಂದುಕೊಡುವ ಮಧ್ಯವರ್ತಿ). ಈ ಗುಂಪುಗಳನ್ನು ಮಾಡಿದವರು ದೂರದ ಯಾವುದೋ ಕಂಪನಿಯವರು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿನಿಮಾ, ಹಾಡುಗಳೂ ಇರುವುದರಿಂದ ಅದು ಫೈಲ್ ಹಂಚಿಕೆಯ ಗುಂಪಿಗೆ ಬೀಳಬಹುದು. ಗ್ರಂಥಾಲಯದ ದೂರಪ್ರವೇಶ ತಂತ್ರಾಂಶಗಳು ಕೆಲಸದ ರೀತಿಯಲ್ಲಿ ಪ್ರಾಕ್ಸಿಗಳೇ ಆದ್ದರಿಂದ, ಕಳ್ಳದಾರಿಯ ಪ್ರಾಕ್ಸಿಗಳ ಜೊತೆ ಅವೂ ಸಿಕ್ಕಿಬೀಳುತ್ತವೆ. ಪದ ನೋಡಿ ತಡೆಯುವ ಜರಡಿ ಇದ್ದರೆ ಸ್ತನ ಕ್ಯಾನ್ಸರ್ ಕುರಿತ ವೈದ್ಯಕೀಯ ಲೇಖನವೂ ಹೋಯಿತು. ಹೀಗೆ ಸಿಕ್ಕಿಬಿದ್ದ ತಾಣ ಒಂದಿದ್ದರೆ ಇಡೀ ಗುಂಪನ್ನೇ ಬಿಡುಗಡೆ ಮಾಡಬೇಡಿ. ಆ ತಾಣದ ಹೆಸರಿಗೆ ಮಾತ್ರ ವಿನಾಯಿತಿ ಕೊಟ್ಟು, ಆ ನಿಯಮವನ್ನು ತಡೆಯುವ ನಿಯಮಕ್ಕಿಂತ ಮೇಲೆ ಇಡಿ. ಸಾಮಾನ್ಯವಾಗಿ ಫೈರ್‌ವಾಲ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ ನಿಯಮಕ್ಕೆ ನಿಲ್ಲುತ್ತದೆ. ವಿನಾಯಿತಿ ಕೆಳಗಿದ್ದರೆ ಬರೆದರೂ ಬರೆಯದಂತೆ.

ವಿನಾಯಿತಿಯನ್ನು ಐಪಿ ಸಂಖ್ಯೆಗೆ ಕೊಡಬೇಡಿ, ತಾಣದ ಹೆಸರಿಗೆ ಕೊಡಿ. ದೊಡ್ಡ ತಾಣಗಳ ಸಂಖ್ಯೆಗಳು ಬದಲಾಗುತ್ತಲೇ ಇರುತ್ತವೆ. ಮುಖ್ಯ ಹೆಸರು ಒಂದೇ ಸಾಲದು ಎಂಬುದನ್ನೂ ನೆನಪಿಡಿ. ಆರ್ಕೈವ್ ಡಾಟ್ ಆರ್ಗ್ ಬಿಟ್ಟರೆ ಮುಖಪುಟ ಬರುತ್ತದೆ, ಆದರೆ ಪುಸ್ತಕದ ಪಿಡಿಎಫ್ ಅದೇ ಹೆಸರಿನ ಕೆಳಗಿರುವ ಬೇರೆ ಬೇರೆ ಉಪ-ಹೆಸರಿನ ಸರ್ವರುಗಳಿಂದ ಬರುತ್ತದೆ. ಮುಂದೆ ನಕ್ಷತ್ರ ಚಿಹ್ನೆ ಹಾಕಿ ಎಲ್ಲ ಉಪ-ಹೆಸರುಗಳನ್ನೂ ಸೇರಿಸಬೇಕು. ಸೈನ್ಸ್‌ಡೈರೆಕ್ಟ್ (ಎಲ್ಸೆವಿಯರ್ ಎಂಬ ಪ್ರಕಾಶಕರ ಪತ್ರಿಕೆಗಳ ತಾಣ) ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಪಿಡಿಎಫ್ ಸೈನ್ಸ್‌ಡೈರೆಕ್ಟ್‌ಅಸೆಟ್ಸ್ ಎಂಬ ಬೇರೆಯೇ ತಾಣದಿಂದ ಬರುತ್ತದೆ, ಚಿತ್ರಗಳು ಮತ್ತೊಂದರಿಂದ, ಲಾಗಿನ್ ಎಲ್ಸೆವಿಯರ್‌ನ ಹೆಸರಿನಲ್ಲಿ. "ಪುಟ ಬರುತ್ತದೆ, ಪಿಡಿಎಫ್ ಇಳಿಯುವುದಿಲ್ಲ" ಎಂಬ ದೂರಿಗೆ ಒಂದು ಕಾರಣ ಇದು. ಕಂಡುಹಿಡಿಯುವುದು ಕಷ್ಟವಲ್ಲ: ಬ್ರೌಸರಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಭಾಗ ತೆರೆದು, ಪುಟವನ್ನು ಮತ್ತೆ ತರಿಸಿ. ಯಾವ ಹೆಸರಿನ ಮುಂದೆ ಕೆಂಪು ಬಂತೋ ಅದನ್ನು ಬರೆದುಕೊಳ್ಳಿ. ಇದನ್ನು ಗ್ರಂಥಪಾಲಕರೇ ಮಾಡಬಹುದು, ಇಂಜಿನಿಯರ್ ಬೇಕಿಲ್ಲ.

ಇನ್ನು ಪ್ರಮಾಣಪತ್ರದ ಎಚ್ಚರಿಕೆ. ಕೆಲವು ಫೈರ್‌ವಾಲುಗಳು ಗೂಢಲಿಪಿಯಲ್ಲಿ ಹೋಗುವ ಸಂಚಾರವನ್ನು ನಡುವೆ ಬಿಚ್ಚಿ, ಪರೀಕ್ಷಿಸಿ, ತಮ್ಮ ಪ್ರಮಾಣಪತ್ರ ಅಂಟಿಸಿ ಕಳುಹಿಸುತ್ತವೆ. ಕಾಲೇಜಿನ ಕಂಪ್ಯೂಟರುಗಳಿಗೆ ಆ ಪ್ರಮಾಣಪತ್ರ ಮೊದಲೇ ಹಾಕಿದ್ದರೆ ಸರಿ. ವಿದ್ಯಾರ್ಥಿಯ ಸ್ವಂತ ಲ್ಯಾಪ್‌ಟಾಪ್ ಅದನ್ನು ನಂಬುವುದಿಲ್ಲ. ಗ್ರಂಥಾಲಯದ ತಾಣಗಳನ್ನು, ಮುಖ್ಯವಾಗಿ ಲಾಗಿನ್ ಪುಟಗಳನ್ನು, ಈ ಬಿಚ್ಚುವಿಕೆಯಿಂದ ಹೊರಗಿಡಿ. ಬ್ಯಾಂಕುಗಳನ್ನು ಹೊರಗಿಡುತ್ತಾರಲ್ಲ, ಹಾಗೆಯೇ. "ಎಚ್ಚರಿಕೆ ಬಂದರೆ ಮುಂದುವರಿಸು ಒತ್ತಿ" ಎಂದು ವಿದ್ಯಾರ್ಥಿಗಳಿಗೆ ಕಲಿಸುವವರನ್ನು ನೋಡಿದ್ದೇನೆ. ದಯವಿಟ್ಟು ಕಲಿಸಬೇಡಿ, ನಾಳೆ ನಕಲಿ ಬ್ಯಾಂಕ್ ಪುಟದಲ್ಲಿಯೂ ಅದನ್ನೇ ಒತ್ತುತ್ತಾರೆ. ಒಂದೇ ಕಂಪ್ಯೂಟರಿನಲ್ಲಿ ಎಚ್ಚರಿಕೆ ಬರುತ್ತಿದ್ದರೆ ಮೊದಲು ಗಡಿಯಾರ ನೋಡಿ. ಮದರ್‌ಬೋರ್ಡಿನ ಸೆಲ್ ಸತ್ತು ತಾರೀಖು ಹಿಂದಕ್ಕೆ ಹೋದರೆ ಯಾವ ಪ್ರಮಾಣಪತ್ರವೂ ನಡೆಯುವುದಿಲ್ಲ. ಕಂಪ್ಯೂಟರುಗಳು ಸಮಯ ಸರಿಪಡಿಸಿಕೊಳ್ಳಲು ಯುಡಿಪಿ 123ನೆಯ ಪೋರ್ಟ್ ಹೊರಮುಖವಾಗಿ ತೆರೆದಿರಬೇಕು, ಅದನ್ನು ಮರೆತಿರುತ್ತಾರೆ.

ಇನ್ನೊಂದು ಪೋರ್ಟ್ ನಿಮಗೆ, ಅಂದರೆ ಸೂಚೀಕರಣ ಮಾಡುವವರಿಗೆ. ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸುವವರು ಪುಸ್ತಕದ ದಾಖಲೆಯನ್ನು ಕೈಯಿಂದ ಟೈಪ್ ಮಾಡದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಎಳೆದುಕೊಳ್ಳಬಹುದು. ಆ ಝಡ್ 39.50 ಎಂಬ ವ್ಯವಸ್ಥೆಗೆ ಮೀಸಲಾದದ್ದು 210ನೆಯ ಪೋರ್ಟ್. ಫೈರ್‌ವಾಲ್ 80, 443 ಮಾತ್ರ ಬಿಟ್ಟಿದ್ದರೆ ಕೋಹಾದಲ್ಲಿ ಹುಡುಕಾಟ ಖಾಲಿ ಬರುತ್ತದೆ, ಪುಸ್ತಕವೇ ಅಲ್ಲಿಲ್ಲವೇನೋ ಎಂದು ಭಾವಿಸಿ ಟೈಪ್ ಮಾಡುತ್ತ ಕೂರುತ್ತೇವೆ. ಕೋಹಾ ಸರ್ವರಿನಿಂದ ಮಾತ್ರ, ಹೊರಮುಖವಾಗಿ ಮಾತ್ರ, 210 ತೆರೆಸಿ. ಉಳಿದ ಕಂಪ್ಯೂಟರುಗಳಿಗೆ ಬೇಕಿಲ್ಲ.

ಒಳಮುಖವಾಗಿ ಬಾಗಿಲು ತೆರೆಯುವ ಸಂದರ್ಭ ಒಂದಿದೆ: ನಿಮ್ಮದೇ ಕ್ಯಾಟಲಾಗನ್ನು ಹೊರಗಿನವರು ನೋಡಬೇಕೆಂದಾಗ. ಆಗ ಆ ಸರ್ವರನ್ನು ಕಚೇರಿಯ ಜಾಲದಿಂದ ಬೇರ್ಪಡಿಸಿ ಇಟ್ಟು, ಸಾರ್ವಜನಿಕ ಕ್ಯಾಟಲಾಗಿಗೆ 443 ಮಾತ್ರ ಬಿಡಿ. ಸಿಬ್ಬಂದಿಯ ಪುಟ ಬಹುಪಾಲು 8080ರಲ್ಲಿರುತ್ತದೆ, ಅದು ಹೊರಗೆ ಕಾಣಬಾರದು. ದತ್ತಾಂಶಕೋಶದ 3306 ಯಾವ ಕಾರಣಕ್ಕೂ ಬೇಡ.

ಇಷ್ಟು ಹೇಳಿದ ಮೇಲೆ ಯಾರು ಮಾಡಬೇಕು ಎಂಬ ಪ್ರಶ್ನೆ. ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗನಿಗೆ ಸಂಶೋಧನಾ ಪತ್ರಿಕೆಗಳ ತಾಣವಾದ ಜೆಸ್ಟೋರ್ ಯಾವುದು, ಜೂಜಿನ ತಾಣ ಯಾವುದು ಎಂದು ತಿಳಿದಿರಬೇಕೆಂದಿಲ್ಲ. ಅವನಿಗೆ ಎರಡೂ ಹೆಸರುಗಳೇ. ಆದ್ದರಿಂದ ಪಟ್ಟಿ ಗ್ರಂಥಾಲಯದಿಂದ ಹೋಗಬೇಕು, ಬರಹದಲ್ಲಿ ಹೋಗಬೇಕು: ತಾಣದ ಹೆಸರು, ಅದರ ಜೊತೆಗಾರ ಹೆಸರುಗಳು, ಯಾವ ವಿಭಾಗಕ್ಕೆ ಬೇಕು, ಚಂದಾ ಯಾವಾಗ ಮುಗಿಯುತ್ತದೆ. ಫೈರ್‌ವಾಲಿನ ನಿಯಮದ ಪಕ್ಕದಲ್ಲಿಯೂ ತಾರೀಖು, ಕಾರಣ ಬರೆಸಿ. ಹೆಸರಿಲ್ಲದ ನಿಯಮವನ್ನು ಮುಂದೆ ಬಂದವರು ಅಳಿಸಲು ಹೆದರುತ್ತಾರೆ, ಹೀಗೆಯೇ ಹಳೆಯ ತೂತುಗಳು ಉಳಿಯುತ್ತವೆ.

ಲಾಗ್, ಅಂದರೆ ಯಾವ ಕಂಪ್ಯೂಟರ್ ಯಾವಾಗ ಎಲ್ಲಿಗೆ ಹೋಯಿತು ಎಂಬ ದಾಖಲೆ, ಇಡುವುದನ್ನು ತಪ್ಪಿಸಬೇಡಿ. 2022ರ ಏಪ್ರಿಲ್‌ನ ಸರ್ಟ್-ಇನ್ (ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ನಿರ್ದೇಶನದಲ್ಲಿ ಲಾಗುಗಳನ್ನು 180 ದಿನ ಇಡಬೇಕೆಂದಿದೆ. ಗ್ರಂಥಾಲಯಕ್ಕೂ ಅದರಿಂದ ನೇರ ಲಾಭವಿದೆ. 2010ರಲ್ಲಿ ಅಮೆರಿಕದ ಎಂಐಟಿಯ ಜಾಲದಿಂದ ಒಬ್ಬರು ಜೆಸ್ಟೋರ್‌ನ ಲೇಖನಗಳನ್ನು ರಾಶಿಗಟ್ಟಲೆ ಇಳಿಸಿಕೊಂಡಾಗ ಜೆಸ್ಟೋರ್ ಕೆಲವು ದಿನ ಇಡೀ ಎಂಐಟಿಗೇ ಬಾಗಿಲು ಹಾಕಿತು. ನಮ್ಮಲ್ಲಿಯೂ ಒಬ್ಬ ಸಂಶೋಧಕ ರಾತ್ರಿಯಿಡೀ ಇಳಿಸುವ ತಂತ್ರಾಂಶ ಹಚ್ಚಿ ಮಲಗಿದರೆ, ಬೆಳಿಗ್ಗೆ ಇಡೀ ಕಾಲೇಜಿಗೆ ಪತ್ರಿಕೆ ಇಲ್ಲ. ಪ್ರಕಾಶಕರು ಸಮಯ ಕೊಟ್ಟು "ಇದು ಯಾರು?" ಎಂದು ಕೇಳುತ್ತಾರೆ. ಲಾಗ್ ಇದ್ದರೆ ಉತ್ತರಿಸಬಹುದು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಮುದ್ದೇಬಿಹಾಳದ ಕಡೆಯ ಒಬ್ಬ ಗ್ರಂಥಪಾಲಕರು, "ನಮ್ಮಲ್ಲಿ ನೆಟ್‌ವರ್ಕ್ ನೋಡುವವರೇ ಇಲ್ಲ, ಡಬ್ಬಿ ಕೂರಿಸಿದ ಏಜೆನ್ಸಿಯವರು ಫೋನ್ ಎತ್ತುವುದಿಲ್ಲ" ಎಂದರು. ಫೈರ್‌ವಾಲಿನ ಪಾಸ್‌ವರ್ಡ್ ಮತ್ತು ಸೆಟ್ಟಿಂಗುಗಳ ಒಂದು ಪ್ರತಿ ಮುಚ್ಚಿದ ಲಕೋಟೆಯಲ್ಲಿ ಪ್ರಾಚಾರ್ಯರ ಬಳಿ ಇರಲೇಬೇಕು. ಅದನ್ನು ಕೊಡದ ಏಜೆನ್ಸಿಗೆ ವಾರ್ಷಿಕ ನಿರ್ವಹಣೆಯ ಬಿಲ್ ಪಾಸು ಮಾಡಬೇಡಿ. ಪಟ್ಟಿಯಂತೆ ವಿನಾಯಿತಿ ಸೇರಿಸುವುದನ್ನು ಕರಾರಿನಲ್ಲಿಯೇ ಬರೆಸಿ.

ಇನ್ನೊಬ್ಬರು ಅಧ್ಯಾಪಕಿ, ಮನೆಯಿಂದ ಮತ್ತು ಹಾಸ್ಟೆಲ್‌ನಿಂದ ಓದಲು ವಿಪಿಎನ್ ಹಾಕಿಸಬೇಕೇ ಎಂದು ಕೇಳಿದರು. ಓದುವುದಕ್ಕಷ್ಟೇ ಆದರೆ ಬೇಡ. ವಿಪಿಎನ್ ಎಂದರೆ ಕಾಲೇಜಿನೊಳಕ್ಕೆ ಮತ್ತೊಂದು ದಾರಿ, ಅದನ್ನು ಕಾಯಲು ಜನ ಬೇಕು. ಇನ್‌ಫ್ಲಿಬ್‌ನೆಟ್‌ನ ಇನ್‌ಫೆಡ್ ವ್ಯವಸ್ಥೆಯಲ್ಲಿ ಕಾಲೇಜು ನೋಂದಾಯಿಸಿಕೊಂಡರೆ ಓದುಗರು ಎಲ್ಲಿಂದಲಾದರೂ ಪ್ರಕಾಶಕರ ತಾಣಕ್ಕೆ ಹೋಗಿ, ಸಂಸ್ಥೆಯ ಹೆಸರು ಆರಿಸಿ, ತಮ್ಮ ಖಾತೆಯಿಂದ ಒಳಹೋಗಬಹುದು. ನಿಮ್ಮ ಫೈರ್‌ವಾಲಿಗೆ ಅದರಲ್ಲಿ ಕೆಲಸವೇ ಇಲ್ಲ. ಖಾತೆಗಳ ಪಟ್ಟಿ ಮಾತ್ರ ನಿಮ್ಮ ಕೈಯಲ್ಲಿರುತ್ತದೆ. ಪ್ರತಿ ವರ್ಷ ವರ್ಗಾವಣೆ ಪ್ರಮಾಣಪತ್ರ ಕೊಡುವಾಗ, ಪುಸ್ತಕ ಬಾಕಿಯಿಲ್ಲ ಎಂದು ನೀವು ಸಹಿ ಹಾಕುತ್ತೀರಲ್ಲ, ಆ ದಿನವೇ ಆ ವಿದ್ಯಾರ್ಥಿಯ ಖಾತೆಯನ್ನೂ ತೆಗೆದುಹಾಕಿ.